ಗೋಡೆ ಸರಿಯುವ ಗಾಡಿಮನೆ

ಹಾಸನ, ಅರಕಲಗೂಡು ಕಡೆಯ ಎಷ್ಟೋ ಮನೆಗಳಲ್ಲಿ ಈಗ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ. ಅಪ್ಪ ಅಮ್ಮ ಹೋದಾಗ 'ಆರ್‌ವಿ' ಬಾಡಿಗೆಗೆ ತಗೊಂಡು ಊರು ಸುತ್ತಿಸೋದೂ ಉಂಟು. ಹೊಳೆನರಸೀಪುರದಿಂದ ಹೋದ ನಮ್ಮನ್ನೂ ಮಗಳು, ಅಳಿಯ ಹಾಗೇ ಸುತ್ತಿಸಿದರು. ಅಡುಗೆಕಟ್ಟೆ, ಬಚ್ಚಲು, ಮಂಚ ಎಲ್ಲ ಇರೋ ಬಸ್ಸು ಅಂದ್ಕೊಳ್ಳಿ. ನನಗೆ ಸೋಜಿಗ ಅನ್ನಿಸಿದ್ದು ಅದರ ಗೋಡೆ. ಗಾಡಿ ನಿಂತ ಮೇಲೆ ಅಳಿಯಂದಿರು ಒಂದು ಗುಂಡಿ ಒತ್ತಿ ಹಿಡಿದರು. ಸೋಫಾ, ಊಟದ ಮೇಜಿನ ಸಮೇತ ಗೋಡೆಯೇ ಎರಡು ಮೂರು ಅಡಿ ಹೊರಕ್ಕೆ ಸರಿಯಿತು! ಬೆಂಕಿಪೊಟ್ಟಣದ ಒಳಗೂಡು ಎಳೆದ ಹಾಗೆ. ಇದಕ್ಕೆ ಸ್ಲೈಡ್-ಔಟ್ ಅಂತಾರೆ.

ಇಷ್ಟೆಲ್ಲ ಯಾಕೆ ಅಂದರೆ, ಅಲ್ಲಿ ಇಂಥ ಗಾಡಿ ಸಾಮಾನ್ಯವಾಗಿ ಎಂಟೂವರೆ ಅಡಿಗಿಂತ ಅಗಲ ಇರುವಂತಿಲ್ಲ. ಓಡುವಾಗ ಆ ಅಳತೆಯೊಳಗಿದ್ದು, ನಿಂತ ಮೇಲೆ ಕೈಕಾಲು ಚಾಚುವ ಉಪಾಯ ಇದು.

ಕೋಣೆಯನ್ನು ತಳ್ಳೋದು ಮೋಟಾರು. ಕೆಲವದರಲ್ಲಿ ಹಲ್ಲಿನ ಚಕ್ರವೊಂದು ಹಲ್ಲಿರುವ ಕಬ್ಬಿಣದ ಪಟ್ಟಿಯ ಮೇಲೆ ಉರುಳುತ್ತದೆ. ಅಪಾರ್ಟ್‌ಮೆಂಟಿನ ಮೋಟಾರ್ ಗೇಟು ನೋಡಿದ್ದೀರಲ್ಲ, ಅದೇ ಕ್ರಮ. ಭಾರದ ಕೋಣೆಯಾದರೆ ಜೆಸಿಬಿ ತೋಳಿನಂತೆ ಎಣ್ಣೆಯ ಒತ್ತಡ. ಇನ್ನು ಕೆಲವದರಲ್ಲಿ ಉಕ್ಕಿನ ಕೇಬಲ್ ಎಳೆಯುತ್ತದೆ. ಸುತ್ತಲೂ ಕಾರಿನ ಬಾಗಿಲಿಗಿರುವಂಥ ರಬ್ಬರ್ ಬೀಡಿಂಗ್. ಕೋಣೆ ಪೂರ್ತಿ ಹೊರಗೋ ಪೂರ್ತಿ ಒಳಗೋ ಇದ್ದರೆ ಮಾತ್ರ ಅದು ಸರಿಯಾಗಿ ಕೂತು ಮಳೆನೀರು ತಡೆಯುತ್ತದೆ. ಅರ್ಧಕ್ಕೆ ನಿಲ್ಲಿಸಬಾರದು.

ತೆರೆಯೋ ಮುಂಚೆ ಗಾಡಿ ಸಮನೆಲದಲ್ಲಿ ನಿಂತು ಹ್ಯಾಂಡ್‌ಬ್ರೇಕ್ ಬಿದ್ದಿರಬೇಕು. ಜಾಕಿ ಮೊದಲೋ ಕೋಣೆ ಮೊದಲೋ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಜೊತೆಗೆ ಕೊಟ್ಟ ಪುಸ್ತಕ ನೋಡಲೇಬೇಕು. ಒಬ್ಬರು ಹೊರಗೆ ನಿಂತು ಮರ, ಕಂಬ ತಗಲುತ್ತದಾ ಅಂತ ನೋಡಬೇಕು. ಮುಚ್ಚುವಾಗ ಇನ್ನೂ ಹುಷಾರು. ಕೋಣೆಯ ಮಾಡಿನ ಮೇಲೆ ಬಿದ್ದ ಎಲೆ, ಕಡ್ಡಿ ಗುಡಿಸಬೇಕು, ಇಲ್ಲದಿದ್ದರೆ ಬೀಡಿಂಗ್ ಹರಿಯುತ್ತದೆ. ನೆಲದ ಮೇಲೆ ಚಪ್ಪಲಿ, ಮಕ್ಕಳ ಆಟಿಕೆ ಇರಬಾರದು. ಕ್ವಿಂಟಾಲ್‌ಗಟ್ಟಲೆ ಭಾರದ ಗೋಡೆ ಅದು, ಸಂದಿಯಲ್ಲಿ ಮಗುವಿನ ಬೆರಳಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮೊಮ್ಮಗಳನ್ನು ನಾನು ಮಡಿಲಲ್ಲಿ ಕೂರಿಸಿಕೊಂಡ ಮೇಲೇ ಅಳಿಯಂದಿರು ಗುಂಡಿ ಮುಟ್ಟುತ್ತಿದ್ದರು. ಬೆರಳು ತೆಗೆದ ಕೂಡಲೇ ಕೋಣೆ ನಿಲ್ಲೋದೊಂದು ಸಮಾಧಾನ.

ಬಾಡಿಗೆಗೆ ಕೊಟ್ಟವರು ಬಾಯಿಬಿಡದ ಸಂಗತಿಯೊಂದಿತ್ತು. ಕೋಣೆ ಒಳಗೆ ಸರಿದಾಗ ಸೋಫಾ ಬಂದು ಫ್ರಿಜ್ಜಿನ ಬಾಗಿಲಿಗೇ ಅಡ್ಡ ನಿಲ್ಲುತ್ತಿತ್ತು. ನಮ್ಮೆಜಮಾನರದು ಸಕ್ಕರೆ ಕಾಯಿಲೆ, ಇನ್ಸುಲಿನ್ ಇರೋದು ಫ್ರಿಜ್ಜಿನಲ್ಲಿ. ಹೆದ್ದಾರಿ ಬದಿಯಲ್ಲಿ ನಿಲ್ಲಿಸಿ ಕೋಣೆ ತೆರೆಯೋಣ ಅಂದರೆ ಪಕ್ಕದಲ್ಲೇ ಲಾರಿಗಳು ನುಗ್ಗುತ್ತಿರುತ್ತವೆ. ಹೊರಡುವ ಮುಂಚೆ ಮಗಳ ಕಣ್ಣಿಗೆ ಇದು ಬಿದ್ದದ್ದು ನಮ್ಮ ಪುಣ್ಯ. ಚಿಕ್ಕ ಐಸ್‌ಪೆಟ್ಟಿಗೆ ಕೊಂಡು, ಮಂಜುಗಡ್ಡೆಗೆ ನೇರ ತಾಗದಂತೆ ಟವೆಲ್ ಸುತ್ತಿ, ಇನ್ಸುಲಿನ್ ಕೈಗೆಟುಕುವಲ್ಲಿ ಇಟ್ಟಳು. ಕೆಲವು ಗಾಡಿಗಳಲ್ಲಿ ಬಚ್ಚಲಿನ ಬಾಗಿಲೂ ಹೀಗೇ ಮುಚ್ಚಿಹೋಗುತ್ತದೆ. ಗಾಡಿ ಗೊತ್ತುಮಾಡುವಾಗ ಕೋಣೆ ಮುಚ್ಚಿಸಿ, ಒಳಗೆ ಒಂದು ಸುತ್ತು ಓಡಾಡಿ ನೋಡಿ. ವಯಸ್ಸಾದವರಿದ್ದರೆ ಕೋಣೆಯ ನೆಲ ನಾಲ್ಕು ಬೆರಳು ಎತ್ತರ ಇದೆಯಾ ಅಂತಲೂ ಗಮನಿಸಿ. ರಾತ್ರಿ ಎದ್ದವರು ಎಡವೋದು ಅಲ್ಲೇ.

ಮೂರನೇ ಬೆಳಗ್ಗೆ ಗುಂಡಿ ಒತ್ತಿದರೆ ಗೋಡೆ ಕದಲಲಿಲ್ಲ. ರಾತ್ರಿಯೆಲ್ಲ ದೀಪ, ಫ್ಯಾನು ಓಡಿ ಬ್ಯಾಟರಿ ಇಳಿದಿತ್ತು. ಹಾಗಾದಾಗ ಗುಂಡಿಯನ್ನೇ ಒತ್ತುತ್ತಾ ಇದ್ದರೆ ಫ್ಯೂಸೋ ಮೋಟಾರೋ ಹೋಗುವುದುಂಟು. ಅಳಿಯಂದಿರು ಕ್ಯಾಂಪಿನ ಕರೆಂಟಿಗೆ ವೈರ್ ಚುಚ್ಚಿ ಸ್ವಲ್ಪ ಹೊತ್ತು ಕಾದರು, ಕೋಣೆ ತಾನಾಗಿ ಒಳಬಂತು. ಅದಕ್ಕೂ ಬಗ್ಗದಿದ್ದರೆ ಅನೇಕ ಗಾಡಿಗಳಲ್ಲಿ ಕೈಯಿಂದ ತಿರುಗಿಸುವ ಹಿಡಿಕೆಯ ಏರ್ಪಾಡು ಇರುತ್ತದೆ. ಎಲ್ಲಿದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ.

ಊರಿಗೆ ಬಂದು ಫೋಟೋ ತೋರಿಸಿದರೆ ಚನ್ನರಾಯಪಟ್ಟಣದ ನಮ್ಮ ಭಾವನವರಿಗೆ ತಮ್ಮ ಹಳೇ ಟೆಂಪೋ ಟ್ರಾವೆಲರ್‌ಗೂ ಇಂಥದ್ದೊಂದು ಕೋಣೆ ಕಟ್ಟಿಸುವ ಉಮೇದು. ನಮ್ಮಲ್ಲೂ ವಾಹನದ ಅಗಲಕ್ಕೆ 2.6 ಮೀಟರ್ ಮಿತಿ ಇದೆ. ಆದರೆ ತೊಡಕು ಅದಲ್ಲ, ಗಾಡಿಯ ಪಕ್ಕ ಕೊಯ್ದು ಅದರ ರೂಪವನ್ನೇ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. ಅದೂ ಅಲ್ಲದೆ, ಬಿಸಿಲೆ ಘಾಟಿಯ ರಸ್ತೆಯಲ್ಲಿ ಎದುರು ಬಸ್ಸು ಬಂದರೇ ಪಕ್ಕಕ್ಕೆ ಸರಿಯಲು ಜಾಗ ಹುಡುಕಬೇಕು, ಇನ್ನು ಕೋಣೆ ಚಾಚೋದು ಎಲ್ಲಿಗೆ? ಗಾಡಿಯ ಪಕ್ಕ ಟಾರ್ಪಾಲು ಕಟ್ಟಿ, ಚಾಪೆ ಹಾಸಿ ಬುತ್ತಿ ಬಿಚ್ಚೋಣ ಬನ್ನಿ ಭಾವ, ಅಂದೆ. ಅವರಿನ್ನೂ ಟೇಪು ಹಿಡಿದು ಅಳೆಯುತ್ತಲೇ ಇದ್ದಾರೆ.