ಔಟರ್‌ನಲ್ಲಿ ರೈಲು ನಿಂತರೆ ಬೈಯಬೇಡಿ

‘ನಮ್ಮೂರಿನ ರೈಲು ನಿಲ್ದಾಣ ಒಂದು ಕಾಗದದಲ್ಲಿ ಬಿ ದರ್ಜೆ, ಇನ್ನೊಂದರಲ್ಲಿ ಎನ್‌ಎಸ್‌ಜಿ-5 ಎಂದಿದೆ. ಯಾವುದು ಸರಿ? ಎ ದರ್ಜೆ ಕೊಡಿಸಲು ಯಾರಿಗೆ ಮನವಿ ಸಲ್ಲಿಸಬೇಕು?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಎರಡು ಕಾಗದಗಳೂ ಸರಿಯಾಗಿಯೇ ಇವೆ. ತಪ್ಪಿರುವುದು ಮನವಿಯ ಹಿಂದಿನ ನಂಬಿಕೆಯಲ್ಲಿ. ಅಕ್ಷರ ಮೇಲಿನದಾದಷ್ಟೂ ಊರಿನ ಮರ್ಯಾದೆ ಹೆಚ್ಚು ಎಂದುಕೊಳ್ಳುವ ಚಾಳಿ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ, ಆ ಅಕ್ಷರ ಏನನ್ನು ಅಳೆಯುತ್ತದೆ ಎಂದು ಕೇಳುವ ಗೋಜಿಗೇ ನಾವು ಹೋಗುವುದಿಲ್ಲ.

ನಿಲ್ದಾಣಗಳಿಗೆ ಎರಡು ಬೇರೆ ಬೇರೆ ವಿಂಗಡಣೆಗಳಿವೆ. ಮೊದಲನೆಯದಾದ ದುಡ್ಡಿನ ಲೆಕ್ಕವನ್ನು ಬೇಗ ಮುಗಿಸಿಬಿಡೋಣ. ಎನ್‌ಎಸ್‌ಜಿ ಎಂಬುದು ವಾಣಿಜ್ಯ ವಿಭಾಗದ ವಿಂಗಡಣೆ. 2017ರವರೆಗೆ ಇದರಲ್ಲೂ ಎ-1, ಎ, ಬಿ, ಸಿ, ಡಿ, ಇ, ಎಫ್ ಎಂಬ ಅಕ್ಷರಗಳೇ ಇದ್ದವು. ಗೊಂದಲದ ಬೇರು ಇರುವುದು ಅಲ್ಲಿ. ಆಮೇಲೆ ನಿಲ್ದಾಣಗಳನ್ನು ಮೂರು ಗುಂಪು ಮಾಡಿದರು. ಮುಂಬೈ, ಚೆನ್ನೈಗಳಂಥ ಕಡೆಯ ಉಪನಗರ ನಿಲ್ದಾಣಗಳು ಎಸ್‌ಜಿ, ಉಳಿದ ನಿಲ್ದಾಣಗಳು ಎನ್‌ಎಸ್‌ಜಿ, ಹಾಲ್ಟ್‌ಗಳು ಎಚ್‌ಜಿ. ವರ್ಷಕ್ಕೆ 500 ಕೋಟಿ ರೂಪಾಯಿಗಿಂತ ಹೆಚ್ಚು ಪ್ರಯಾಣಿಕರ ವರಮಾನ, ಇಲ್ಲವೇ ಅಲ್ಲಿಂದ ಹೊರಡುವ 2 ಕೋಟಿಗಿಂತ ಹೆಚ್ಚು ಪ್ರಯಾಣಿಕರು ಇದ್ದರೆ ಎನ್‌ಎಸ್‌ಜಿ-1. ವರಮಾನ 1 ಕೋಟಿಯಿಂದ 10 ಕೋಟಿ ಅಥವಾ ಪ್ರಯಾಣಿಕರು 10 ಲಕ್ಷದಿಂದ 20 ಲಕ್ಷ ಇದ್ದರೆ ಎನ್‌ಎಸ್‌ಜಿ-5. ಅದಕ್ಕೂ ಕೆಳಗಿನವು ಎನ್‌ಎಸ್‌ಜಿ-6. ಅದಿರು ತುಂಬಿದ ಗೂಡ್ಸ್ ಹಗಲೂ ರಾತ್ರಿ ಹಾದುಹೋದರೂ ಈ ಲೆಕ್ಕಕ್ಕೆ ಅದು ಸೇರುವುದಿಲ್ಲ. ನಿಲ್ದಾಣದಲ್ಲಿ ಎಷ್ಟು ನಲ್ಲಿ, ಎಷ್ಟು ಶೌಚಾಲಯ, ಎಷ್ಟು ಉದ್ದದ ಚಾವಣಿ ಇರಬೇಕು ಎಂದು ನಿಗದಿ ಮಾಡಲು ಈ ವಿಂಗಡಣೆ ಬಳಕೆಯಾಗುತ್ತದೆ.

ನನಗೆ ಹಿಗ್ಗು ತರುವುದು ಎರಡನೆಯ ವಿಂಗಡಣೆ. ರೈಲು ಓಡಿಸುವವರ ಸಾಮಾನ್ಯ ನಿಯಮಗಳ ಪುಸ್ತಕದಲ್ಲಿರುವ ಎ, ಬಿ, ಸಿ, ಡಿ ದರ್ಜೆಗಳಿಗೂ ಜನಸಂದಣಿಗೂ ಸಂಬಂಧವೇ ಇಲ್ಲ. ಅಲ್ಲಿ ಕೇಳುವ ಪ್ರಶ್ನೆ ಒಂದೇ: ಪಕ್ಕದ ನಿಲ್ದಾಣದವರು ‘ರೈಲು ಕಳಿಸಲೇ?’ ಎಂದಾಗ, ಈ ನಿಲ್ದಾಣ ಯಾವ ಸ್ಥಿತಿಯಲ್ಲಿದ್ದರೆ ‘ಕಳಿಸಿ’ ಎನ್ನಬಹುದು? ಆ ಒಪ್ಪಿಗೆಗೆ ‘ಲೈನ್ ಕ್ಲಿಯರ್’ ಎನ್ನುತ್ತಾರೆ. ಈ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವಿನ ಹಳಿಯಲ್ಲಿ ಒಂದು ಹೊತ್ತಿಗೆ ಒಂದೇ ರೈಲು ಇರಬೇಕು. ಲೈನ್ ಕ್ಲಿಯರ್ ಸಿಗದೆ ಯಾವ ರೈಲೂ ಆ ಭಾಗಕ್ಕೆ ಕಾಲಿಡುವಂತಿಲ್ಲ.

ಎ ದರ್ಜೆಯ ನಿಲ್ದಾಣ ಬಲು ಮಡಿವಂತ. ಬರುವ ರೈಲನ್ನು ಯಾವ ಹಳಿಯಲ್ಲಿ ನಿಲ್ಲಿಸಬೇಕೋ ಆ ಹಳಿ ನಿಲ್ದಾಣದ ಪ್ರವೇಶದಲ್ಲಿರುವ ಹೋಮ್ ಸಿಗ್ನಲ್‌ನಿಂದ ಆಚೆಗೆ ಕನಿಷ್ಠ 400 ಮೀಟರ್, ಅಥವಾ ರೈಲು ಹೊರಡುವ ತುದಿಯ ಸ್ಟಾರ್ಟರ್ ಸಿಗ್ನಲ್‌ವರೆಗೆ, ಆಗಲೇ ಖಾಲಿ ಇದ್ದರೆ ಮಾತ್ರ ಅದು ಒಪ್ಪಿಗೆ ಕೊಡುತ್ತದೆ. ಬಿ ದರ್ಜೆಯ ನಿಲ್ದಾಣ ಹಾಗಲ್ಲ. ಒಳಗಿನ ಹಳಿಯಲ್ಲಿ ಇನ್ನೂ ಬೇರೊಂದು ರೈಲು ನಿಂತಿದ್ದರೂ ಅದು ‘ಕಳಿಸಿ’ ಎನ್ನಬಲ್ಲದು. ಬರುವ ರೈಲನ್ನು ತಡೆಯುವ ಮೊದಲ ಸಿಗ್ನಲ್‌ವರೆಗೆ ಮತ್ತು ಅದರಾಚೆ ಒಂದಿಷ್ಟು ದೂರ ಹಳಿ ಖಾಲಿ ಇದ್ದರೆ ಸಾಕು. ಹಳೆಯ ಎರಡು ಸೂಚನೆಗಳ ತೋಳು ಸಿಗ್ನಲ್‌ಗಳಲ್ಲಿ ಆ ದೂರ 400 ಮೀಟರ್; ಹಲವು ಬಣ್ಣಗಳ ದೀಪದ ಸಿಗ್ನಲ್‌ಗಳಲ್ಲಿ 180 ಮೀಟರ್. ಮದುವೆ ಊಟದಲ್ಲಿ ಎಲೆ ಹಾಕಿದ ಮೇಲೆಯೇ ನೆಂಟರನ್ನು ಬಿಡಾರದಿಂದ ಹೊರಡಿಸುವುದು ಎ ದರ್ಜೆಯ ಕ್ರಮ. ಮೊದಲ ಪಂಕ್ತಿ ಉಣ್ಣುತ್ತಿರುವಾಗಲೇ ಎರಡನೆಯ ಪಂಕ್ತಿಯವರನ್ನು ಕರೆಸಿ ಜಗಲಿಯಲ್ಲಿ ಕೂರಿಸುವುದು ಬಿ ದರ್ಜೆಯದು.

ರೈಲಿನ ಆ ಜಗಲಿಯೇ ನಾವು ದಿನವೂ ಶಪಿಸುವ ‘ಔಟರ್’! ಹಳೆಯ ತೋಳು ಸಿಗ್ನಲ್‌ಗಳ ಕಾಲದಲ್ಲಿ ಬಿ ದರ್ಜೆಯ ನಿಲ್ದಾಣಕ್ಕೆ ಹೋಮ್ ಸಿಗ್ನಲ್‌ಗಿಂತ ಮುಂಚೆ ಔಟರ್ ಎಂಬ ಇನ್ನೊಂದು ಸಿಗ್ನಲ್ ಇರುತ್ತಿತ್ತು. ಈಗ ಬಹಳ ಕಡೆ ರೈಲು ಕಾಯುವುದು ಹೋಮ್ ಸಿಗ್ನಲ್‌ನ ಮುಂದೆ, ಆದರೂ ಜನರ ಬಾಯಲ್ಲಿ ಔಟರ್ ಹಾಗೇ ಉಳಿದಿದೆ. ಊರಿನ ದೀಪ ಕಾಣುವಷ್ಟು ಹತ್ತಿರ ಬಂದು ರೈಲು ನಿಂತಿತೆಂದರೆ ಡಬ್ಬಿಯ ತುಂಬ ಗೊಣಗಾಟ ಶುರುವಾಗುತ್ತದೆ. ‘ಸ್ಟೇಷನ್ ಮಾಸ್ಟರ್ ನಿದ್ದೆ ಹೊಡೀತಿರಬೇಕು’ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಇದು ನಿಜಕ್ಕೂ ಅನ್ಯಾಯದ ಮಾತು. ಆ ಮಾಸ್ಟರು ಎ ದರ್ಜೆಯ ನಿಯಮ ಹಿಡಿದು ಕೂತಿದ್ದರೆ ನಿಮ್ಮ ರೈಲು ಹಿಂದಿನ ನಿಲ್ದಾಣದಿಂದಲೇ ಹೊರಡುತ್ತಿರಲಿಲ್ಲ. ಅಲ್ಲಿನ ಹಳಿಯೂ ತೆರವಾಗುತ್ತಿರಲಿಲ್ಲ, ಅದರ ಹಿಂದಿನ ರೈಲೂ ಸಿಕ್ಕಿಬೀಳುತ್ತಿತ್ತು. ಒಳಗೆ ಜಾಗ ಆಗುವುದರೊಳಗೆ ನೀವು ಹಲವು ಕಿಲೋಮೀಟರ್ ಮುಂದೆ ಬಂದಿರುತ್ತೀರಿ. ಔಟರ್‌ನ ಆ ಕೆಲವು ನಿಮಿಷ ನಿಮಗಾದ ನಷ್ಟವಲ್ಲ, ಉಳಿತಾಯದ ಕೊನೆಯ ತುಣುಕು. ನಮ್ಮ ದೇಶದ ಬಹುಪಾಲು ನಿಲ್ದಾಣಗಳು ಬಿ ದರ್ಜೆಯವಾಗಿರುವುದಕ್ಕೆ ಈ ಜಾಣತನವೇ ಕಾರಣ. ಅವು ಎ ದರ್ಜೆಗೆ ‘ಬಡ್ತಿ’ ಪಡೆದರೆ ತೊಂದರೆ ಪಡುವವರು ನಾವೇ.

ಸಿ ದರ್ಜೆಯಲ್ಲಿ ಪ್ರಯಾಣಿಕರ ರೈಲು ನಿಲ್ಲುವ ಪ್ರಶ್ನೆಯೇ ಇಲ್ಲ. ಅದೊಂದು ಬ್ಲಾಕ್ ಹಟ್. ಉದ್ದನೆಯ ಹಳಿಯನ್ನು ಎರಡು ತುಂಡು ಮಾಡಿ, ಹಿಂದೆ ಇನ್ನೊಂದು ರೈಲು ಬರಲು ಅನುವು ಮಾಡಿಕೊಡುವುದಷ್ಟೇ ಅದರ ಕೆಲಸ. ಡಿ ದರ್ಜೆಯದು ಇದಕ್ಕೆ ತದ್ವಿರುದ್ಧ. ರೈಲು ನಿಲ್ಲುತ್ತದೆ, ಜನ ಹತ್ತಿ ಇಳಿಯುತ್ತಾರೆ, ಆದರೆ ಲೈನ್ ಕ್ಲಿಯರ್ ಕೊಡುವ ಅಧಿಕಾರ ಅದಕ್ಕಿಲ್ಲ. ಕಮಿಷನ್ ಮೇಲೆ ಟಿಕೆಟ್ ಮಾರುವವರೊಬ್ಬರು ಇರುವ ನಮ್ಮ ಹಳ್ಳಿಗಳ ಹಾಲ್ಟ್‌ಗಳು ಈ ಜಾತಿಯವು.

ಎರಡು ವಿಂಗಡಣೆಗಳು ಎಷ್ಟು ಬೇರೆ ಎಂಬುದು ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ ಕಣ್ಣಿಗೆ ಕಟ್ಟುತ್ತದೆ. 50 ಮೀಟರ್‌ಗೆ 1 ಮೀಟರ್ ಏರುವ ಸಿಂಗಲ್ ಲೈನ್ ಅದು. ನಡುವೆ ಎಡಕುಮೇರಿ ನಿಲ್ದಾಣವಿದೆ. ಸುತ್ತ ದಟ್ಟ ಕಾಡು. ಟಿಕೆಟ್ ಕೊಳ್ಳುವವರನ್ನು ಹುಡುಕಬೇಕು. ದುಡ್ಡಿನ ತಕ್ಕಡಿಯಲ್ಲಿ ಅದಕ್ಕೆ ತೂಕವೇ ಇಲ್ಲ. ಆದರೆ ಮೇಲಿನಿಂದ ಇಳಿಯುವ ರೈಲು ಕೆಳಗಿನಿಂದ ಏರುವ ಗೂಡ್ಸ್‌ಗೆ ದಾರಿ ಬಿಡಲು ಬೇಕಾದ ಲೂಪ್ ಲೈನ್ ಇರುವುದು ಇಂಥ ನಿಲ್ದಾಣಗಳಲ್ಲೇ. ಅವನ್ನು ತೆಗೆದುಹಾಕಿದರೆ ಬೆಂಗಳೂರು–ಮಂಗಳೂರು ನಡುವೆ ಓಡಬಹುದಾದ ರೈಲುಗಳ ಸಂಖ್ಯೆ ಥಟ್ಟನೆ ಕುಸಿಯುತ್ತದೆ.

ಹೆಸರಿನ ಬಾಲವೂ ಅಂತಸ್ತಿನ ಗುರುತಲ್ಲ. ಬೀರೂರು ಜಂಕ್ಷನ್ ಆಗಿರುವುದು ಶಿವಮೊಗ್ಗದ ದಾರಿ ಅಲ್ಲಿ ಕವಲೊಡೆಯುವುದರಿಂದ, ಊರು ದೊಡ್ಡದೆಂದಲ್ಲ. ಮಂಗಳೂರಿನಲ್ಲಿ ಪೇಟೆಯ ನಡುವಿನ ಸೆಂಟ್ರಲ್‌ನಲ್ಲಿ ಹಳಿ ಕೊನೆಯಾಗುತ್ತದೆ. ಕೇರಳದಿಂದ ಕೊಂಕಣದ ಕಡೆ ನೇರ ಹೋಗುವ ರೈಲುಗಳು ಅಲ್ಲಿಗೆ ಹೊಕ್ಕು ಹಿಂದಿರುಗುವ ಬದಲು, ಹಿಂದೆ ಕಂಕನಾಡಿ ಎಂಬ ಹೆಸರಿದ್ದ ಜಂಕ್ಷನ್ ಮೂಲಕ ಸಾಗುತ್ತವೆ. ಎರಡರಲ್ಲಿ ಯಾವುದು ದೊಡ್ಡದು ಎಂದು ವಾದಿಸುವುದಕ್ಕಿಂತ, ಟಿಕೆಟ್‌ನಲ್ಲಿ ಯಾವುದಿದೆ ಎಂದು ನೋಡಿಕೊಳ್ಳುವುದು ಕ್ಷೇಮ.

ಇನ್ನು ಪ್ರಶ್ನೆ ಕೇಳಿದವರ ಮನವಿ. ‘ಎ ದರ್ಜೆ ಕೊಡಿ’ ಎಂಬ ಸಾಲನ್ನು ದಯವಿಟ್ಟು ಹೊಡೆದುಹಾಕಿ. ನೀರು, ನೆರಳು, ಶೌಚಾಲಯ ಬೇಕಿದ್ದರೆ ಎನ್‌ಎಸ್‌ಜಿ-5ಕ್ಕೆ ಸಲ್ಲಬೇಕಾದ ಸೌಲಭ್ಯಗಳಲ್ಲಿ ಯಾವುದು ಬಂದಿಲ್ಲ ಎಂದು ಪಟ್ಟಿ ಮಾಡಿ ಕೇಳಿ. ರೈಲು ತಡವಾಗುವುದೇ ಸಂಕಟವಾದರೆ ಇನ್ನೊಂದು ಲೂಪ್ ಲೈನ್ ಅಥವಾ ಜೋಡಿ ಹಳಿ ಕೇಳಿ. ಬಿ ಎಂಬ ಅಕ್ಷರವನ್ನು ಮಾತ್ರ ಮುಟ್ಟಬೇಡಿ. ನಿಮ್ಮೂರಿಗೆ ಅಷ್ಟು ರೈಲು ಬರುತ್ತಿರುವುದರಲ್ಲಿ ಅದರ ಪಾಲೂ ಇದೆ.