ಟೈರಿನ ಆಯುಸ್ಸು

ಪ್ರಶ್ನೆ: ಕಾರಿನ ಟೈರು ಬದಲಿಸುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? (ಚಿತ್ತಾಪುರದ ಓದುಗರು)

ಉತ್ತರ: ಟೈರಿನ ಗೀರುಗಳ ತಳದಲ್ಲಿ ಅಡ್ಡಲಾಗಿ ಅಲ್ಲಲ್ಲಿ ಸಣ್ಣ ರಬ್ಬರಿನ ದಿಣ್ಣೆಗಳುಂಟು, ನೆಲವನ್ನೊತ್ತುವ ಮೈ ಸವೆದು ಅವುಗಳಿಗೆ ಸಮನಾಯಿತೆಂದರೆ ಗೀರಿನ ಆಳ 1.6 ಮಿ.ಮೀ.ಗೆ ಇಳಿಯಿತೆಂದು ಅರ್ಥ. ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿಗೆ ವಿಧಿಸಿರುವ ಕನಿಷ್ಠ ಮಿತಿಯೂ ಅದೇ. ಆದರೆ ಮಳೆಗಾಲದಲ್ಲಿ ಚಿಂಚೋಳಿಯ ಕಡೆಯ ಎರೆಹೊಲಗಳಿಂದ ಟ್ರ್ಯಾಕ್ಟರುಗಳು ಹೊತ್ತು ತಂದ ಜಿಗುಟು ಮಣ್ಣು ಡಾಂಬರಿನ ಮೇಲೆ ಹರಡಿ ನೀರು ಕೂಡಿಕೊಂಡಾಗ, ಆ ನೀರನ್ನು ಹೊರಚೆಲ್ಲಲು ಗೀರಿನ ಆಳವೇ ಆಧಾರವಾದುದರಿಂದ, 3 ಮಿ.ಮೀ. ಉಳಿದಿರುವಾಗಲೇ ಬದಲಿಸುವುದು ವಿವೇಕವೆಂದು ನನ್ನ ಮತ.

ಶಹಾಬಾದ, ವಾಡಿ, ಸೇಡಂಗಳ ಹಾದಿಯಲ್ಲಿ ಫರಸಿಕಲ್ಲಿನ ಲಾರಿಗಳಿಂದ ಉದುರಿದ ಚೂಪು ಚಕ್ಕೆಗಳು ಟೈರಿನ ಪಾರ್ಶ್ವವನ್ನು ಕೊಯ್ಯುವುದುಂಟು; ಅಲ್ಲಿ ಗುಳ್ಳೆಯೆದ್ದರೆ ಒಳಗಿನ ದಾರ ಕಡಿದಿದೆಯೆಂದು ತಿಳಿದು, ಪಂಚರ್ ಅಂಗಡಿಯವನ ಸಮಾಧಾನಕ್ಕೆ ಕಿವಿಗೊಡದೆ, ಕೂಡಲೇ ತೆಗೆಸತಕ್ಕದ್ದು. ಓಡದೆ ಅಂಗಳದಲ್ಲಿ ನಿಂತ ಕಾರಿನ ಟೈರೂ ನಮ್ಮ ವೈಶಾಖದ ಬಿಸಿಲಿಗೆ ಬಿರುಕುಬಿಡುತ್ತದೆ. ಆದುದರಿಂದ ಪಾರ್ಶ್ವದ ಮೇಲೆ ಒತ್ತಿರುವ ತಯಾರಿಕೆಯ ಸಂಕೇತದ ಕೊನೆಯ ನಾಲ್ಕು ಅಂಕೆಗಳನ್ನೂ ಓದಿಕೊಳ್ಳಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದುದು; ಗೀರು ಎಷ್ಟೇ ಆಳವಾಗಿರಲಿ, ಅದು ಮುದಿ ಟೈರು.