ನೆಗಡಿ ಮತ್ತು ಶೀತ: ತಡೆಗಟ್ಟುವ ದಿನನಿತ್ಯದ ಅಭ್ಯಾಸಗಳು

ಮನುಷ್ಯರಿಗೆ ಅತಿ ಹೆಚ್ಚು ಬಾರಿ ಬರುವ ಸಾಂಕ್ರಾಮಿಕ ಕಾಯಿಲೆಗಳಲ್ಲಿ ನೆಗಡಿಯು ಮೊದಲನೆಯದು. ಆರೋಗ್ಯವಂತರಾದ ವಯಸ್ಕರಿಗೆ ವರ್ಷಕ್ಕೆ 2ರಿಂದ 3 ಬಾರಿ, ಚಿಕ್ಕ ಮಕ್ಕಳಿಗೆ 6ರಿಂದ 8 ಬಾರಿ ನೆಗಡಿ ಬರುವುದು ಸಾಮಾನ್ಯವಾಗಿದೆ. ನಮ್ಮ ರಾಜ್ಯದಲ್ಲಿ ಮುಂಗಾರು ಮಳೆಯೊಂದಿಗೆ ಶಾಲೆಗಳು ಆರಂಭವಾಗುವ ದಿನಗಳಲ್ಲಿ ಹಾಗೂ ಚಳಿಗಾಲದಲ್ಲಿ ಮನೆಮನೆಯಲ್ಲೂ ಕೆಮ್ಮು, ಸೀನುಗಳು ಕೇಳಿಬರುತ್ತವೆ.

ನೆಗಡಿಯು ತಾನಾಗಿಯೇ ಗುಣವಾಗುವ ಸಣ್ಣ ಕಾಯಿಲೆಯೆಂದು ಜನರು ಭಾವಿಸುವುದು ಬಹುಮಟ್ಟಿಗೆ ಸರಿಯಾಗಿದೆ. ಆದರೆ ದುಡಿಯುವ ವ್ಯಕ್ತಿಗೆ ನಾಲ್ಕು ದಿನ ಮೂಗು ಸುರಿಸಿ ಹೋಗುವ ಅದೇ ಸೋಂಕು, ಅದೇ ಮನೆಯ ತೊಟ್ಟಿಲಿನ ಶಿಶುವಿಗೆ, ಉಬ್ಬಸವಿರುವ ಮಗುವಿಗೆ ಅಥವಾ ವಯೋವೃದ್ಧರಿಗೆ ತಗಲಿದಾಗ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾಕ್ಕೆ ದಾರಿಯಾಗಬಹುದು. ಆದ್ದರಿಂದ ನೆಗಡಿಯನ್ನು ತಡೆಯುವ ಅಭ್ಯಾಸಗಳನ್ನು ಪ್ರತಿಯೊಬ್ಬರೂ ತಮಗಾಗಿ ಮಾತ್ರವಲ್ಲದೆ ಮನೆಯ ಅಶಕ್ತರಿಗಾಗಿಯೂ ರೂಢಿಸಿಕೊಳ್ಳುವುದು ಅವಶ್ಯಕ.

ನೆಗಡಿಗೆ ಕಾರಣವೇನು?

ನೆಗಡಿಯು ವೈರಾಣುಗಳಿಂದ ಬರುವ ಕಾಯಿಲೆ. 200ಕ್ಕೂ ಹೆಚ್ಚು ಬಗೆಯ ವೈರಾಣುಗಳು ಇದನ್ನು ಉಂಟುಮಾಡಬಲ್ಲವು. ಇವುಗಳಲ್ಲಿ ರೈನೋವೈರಸ್ ಎಂಬ ಗುಂಪು ಪ್ರಮುಖವಾದುದು. ಈ ಗುಂಪೊಂದರಲ್ಲಿಯೇ ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದು ಪ್ರಭೇದದ ವಿರುದ್ಧ ದೇಹದಲ್ಲಿ ಬೆಳೆದ ನಿರೋಧಕ ಶಕ್ತಿಯು ಮತ್ತೊಂದನ್ನು ತಡೆಯುವುದಿಲ್ಲ. ಒಬ್ಬರಿಗೇ ಮತ್ತೆ ಮತ್ತೆ ನೆಗಡಿ ಬರುವುದಕ್ಕೂ, ನೆಗಡಿಗೆ ಲಸಿಕೆ ಇಲ್ಲದಿರುವುದಕ್ಕೂ ಇದೇ ಮುಖ್ಯ ಕಾರಣ.

ನಮ್ಮಲ್ಲಿ ಈ ಕಾಯಿಲೆಯನ್ನು 'ಶೀತ', 'ಥಂಡಿ' ಎಂದು ಕರೆಯುವುದರಿಂದ ತಣ್ಣನೆಯ ಪದಾರ್ಥಗಳೇ ಇದಕ್ಕೆ ಮೂಲವೆಂಬ ನಂಬಿಕೆ ಬೆಳೆದುಬಂದಿದೆ. ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದ ಬಳಿ 1946ರಲ್ಲಿ ಸ್ಥಾಪನೆಯಾದ ನೆಗಡಿ ಸಂಶೋಧನಾ ಘಟಕದಲ್ಲಿ ಈ ವಿಷಯವನ್ನು ಪರೀಕ್ಷಿಸಲಾಯಿತು. ಸ್ವಯಂಸೇವಕರನ್ನು ಒದ್ದೆ ಮೈಯಲ್ಲಿ ಚಳಿಗಾಳಿಗೆ ನಿಲ್ಲಿಸಿ ನೋಡಿದಾಗ, ವೈರಾಣುವಿಲ್ಲದೆ ಚಳಿಯೊಂದರಿಂದಲೇ ನೆಗಡಿ ಬರಲಿಲ್ಲ. ಮಳೆ ಮತ್ತು ಚಳಿಗಾಲದಲ್ಲಿ ಕಾಯಿಲೆ ಹೆಚ್ಚುವುದಕ್ಕೆ ಜನರು ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಒಟ್ಟಿಗೆ ಇರುವುದು ಒಂದು ಮುಖ್ಯ ಕಾರಣ. ಮೂಗಿನ ಒಳಭಾಗ ತಂಪಾದಾಗ ರೈನೋವೈರಸ್ ಸುಲಭವಾಗಿ ವೃದ್ಧಿಯಾಗುವುದೂ ಕಂಡುಬಂದಿದೆ. ಆದುದರಿಂದ ಮಳೆಯಲ್ಲಿ ನೆನೆದವರು ಬೇಗನೆ ಒಣಬಟ್ಟೆ ಧರಿಸುವುದು ಒಳ್ಳೆಯದು. ಆದರೆ ಮೊಸರು, ಬಾಳೆಹಣ್ಣು, ಸೀಬೆಹಣ್ಣುಗಳನ್ನು ಶೀತದ ಭಯದಿಂದ ಮಕ್ಕಳ ಊಟದಿಂದ ತೆಗೆದುಹಾಕುವ ಅಗತ್ಯವಿಲ್ಲ. ಇವು ಪೌಷ್ಟಿಕ ಆಹಾರಗಳಾಗಿವೆ.

ನೆಗಡಿ ಹರಡುವ ಬಗೆ

1. ರೋಗಿಯು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬರುವ ಸೂಕ್ಷ್ಮ ಹನಿಗಳ ಮೂಲಕ.
2. ಮೂಗು ಒರೆಸಿಕೊಂಡ ಕೈಯಿಂದ ಇತರರ ಕೈ ಮುಟ್ಟುವುದರ ಮೂಲಕ.
3. ಬಾಗಿಲ ಹಿಡಿ, ನಲ್ಲಿಯ ತಿರುಗಣೆ, ಬಸ್ಸಿನ ಕಂಬಿ, ಮೊಬೈಲ್ ಫೋನ್, ಮಕ್ಕಳ ಆಟಿಕೆ ಮುಂತಾದವುಗಳನ್ನು ಮುಟ್ಟಿದ ಕೈಯಿಂದ ಕಣ್ಣು, ಮೂಗುಗಳನ್ನು ಮುಟ್ಟಿಕೊಳ್ಳುವುದರ ಮೂಲಕ. ವೈರಾಣುಗಳು ಇಂತಹ ಮೇಲ್ಮೈಗಳ ಮೇಲೆ ಹಲವು ಗಂಟೆಗಳ ಕಾಲ ಉಳಿಯಬಲ್ಲವು.

ಸೋಂಕು ತಗಲಿದ 1ರಿಂದ 3 ದಿನಗಳಲ್ಲಿ ಗಂಟಲು ಕೆರೆತ, ಸೀನು, ಮೂಗು ಸೋರುವುದು, ಮೂಗು ಕಟ್ಟುವುದು, ಸಣ್ಣ ಜ್ವರ ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ಮೂರು ದಿನಗಳಲ್ಲಿ ರೋಗವು ಇತರರಿಗೆ ಹರಡುವ ಸಾಧ್ಯತೆ ಅಧಿಕ. ಸಾಮಾನ್ಯವಾಗಿ 7ರಿಂದ 10 ದಿನಗಳಲ್ಲಿ ನೆಗಡಿಯು ಗುಣವಾಗುತ್ತದೆ; ಕೆಮ್ಮು ಮಾತ್ರ ಇನ್ನೂ ಕೆಲವು ದಿನ ಮುಂದುವರಿಯಬಹುದು.

ದಿನನಿತ್ಯ ಪಾಲಿಸಬೇಕಾದ ಅಭ್ಯಾಸಗಳು

ಕೈ ತೊಳೆಯುವುದು: ಸಾಬೂನು ಮತ್ತು ನೀರಿನಿಂದ ಕನಿಷ್ಠ 20 ಸೆಕೆಂಡುಗಳ ಕಾಲ ಅಂಗೈ, ಮುಂಗೈ, ಬೆರಳುಗಳ ಸಂದು, ಹೆಬ್ಬೆರಳು ಮತ್ತು ಉಗುರುಗಳ ತುದಿಯನ್ನು ಉಜ್ಜಿ ತೊಳೆಯಬೇಕು. ಹೊರಗಿನಿಂದ ಮನೆಗೆ ಬಂದ ಕೂಡಲೇ, ಅಡುಗೆ ಮತ್ತು ಊಟಕ್ಕೆ ಮುನ್ನ, ಶೌಚದ ನಂತರ, ಮೂಗು ಸೀಟಿದ ನಂತರ ಹಾಗೂ ಶಿಶುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯುವುದನ್ನು ಮರೆಯಬಾರದು. ಬರಿಯ ನೀರಿನಲ್ಲಿ ಬೆರಳು ಅದ್ದಿ ತೆಗೆಯುವುದರಿಂದ ಪ್ರಯೋಜನವಿಲ್ಲ. ತೊಳೆದ ಕೈಯನ್ನು ಸೀರೆಯ ಸೆರಗಿಗೆ ಅಥವಾ ಎಲ್ಲರೂ ಬಳಸುವ ಒದ್ದೆ ವಸ್ತ್ರಕ್ಕೆ ಒರೆಸದೆ ಸ್ವಚ್ಛವಾದ ಒಣಬಟ್ಟೆಯಿಂದ ಒರೆಸಿಕೊಳ್ಳಬೇಕು. ಜನರಲ್ಲಿ ಈ ಬಗ್ಗೆ ಅರಿವು ಮೂಡಿಸಲು 2008ರಿಂದ ಪ್ರತಿವರ್ಷ ಅಕ್ಟೋಬರ್ 15ರಂದು ವಿಶ್ವ ಕೈತೊಳೆಯುವ ದಿನವನ್ನು ಆಚರಿಸಲಾಗುತ್ತಿದೆ.

ಕೆಮ್ಮುವಾಗ, ಸೀನುವಾಗ: ಕರವಸ್ತ್ರವನ್ನು ಅಡ್ಡ ಹಿಡಿಯಬೇಕು. ಕರವಸ್ತ್ರ ಇಲ್ಲದಿದ್ದಲ್ಲಿ ಅಂಗೈಯ ಬದಲು ಮೊಣಕೈಯ ಮಡಿಕೆಯನ್ನು ಅಡ್ಡ ತರಬೇಕು. ಕರವಸ್ತ್ರವನ್ನು ಪ್ರತಿದಿನ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಎಲ್ಲೆಂದರಲ್ಲಿ ಉಗುಳುವುದು, ಮೂಗು ಸೀಟಿ ಗೋಡೆಗೆ ಒರೆಸುವುದು ನಿಲ್ಲಬೇಕು. 2020ರ ಕೋವಿಡ್ ಸಂದರ್ಭದಲ್ಲಿ ನಾವೆಲ್ಲರೂ ಕಲಿತ ಮುಖಗವಸಿನ ಬಳಕೆಯು ನೆಗಡಿಗೂ ಅನ್ವಯಿಸುತ್ತದೆ. ನೆಗಡಿ ಬಂದವರು ಬಸ್ಸು, ಸಂತೆ, ಮದುವೆ ಮನೆಗಳಿಗೆ ಹೋಗಲೇಬೇಕಾದಲ್ಲಿ ಮುಖಗವಸು ಧರಿಸುವುದು ಇತರರಿಗೆ ಮಾಡುವ ಉಪಕಾರವಾಗಿದೆ.

ಗಾಳಿ ಮತ್ತು ಬೆಳಕು: ಮಳೆಗಾಲದಲ್ಲಿಯೂ ದಿನದ ಕೆಲವು ಗಂಟೆಗಳ ಕಾಲ ಕಿಟಕಿಗಳನ್ನು ತೆರೆದಿಡಬೇಕು. ಶಾಲಾ ಕೊಠಡಿ, ಅಂಗನವಾಡಿ, ಕಚೇರಿಗಳಲ್ಲಿ ಎದುರುಬದುರಿನ ಕಿಟಕಿಗಳು ತೆರೆದಿದ್ದರೆ ವೈರಾಣುಗಳು ಗಾಳಿಯಲ್ಲಿ ಸಾಂದ್ರವಾಗುವುದು ತಪ್ಪುತ್ತದೆ.

ಹೊಗೆಯಿಂದ ರಕ್ಷಣೆ: ಸೌದೆ ಒಲೆಯ ಹೊಗೆ ಮತ್ತು ಬೀಡಿ, ಸಿಗರೇಟುಗಳ ಹೊಗೆಯು ಶ್ವಾಸನಾಳದ ಒಳಪದರದ ರಕ್ಷಣಾ ಶಕ್ತಿಯನ್ನು ಕುಂದಿಸುತ್ತದೆ. ಮಕ್ಕಳಿರುವ ಮನೆಯೊಳಗೆ ಧೂಮಪಾನ ಮಾಡಬಾರದು. ಸ್ನಾನದ ನಂತರ ಶಿಶುವಿಗೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿಯು ಅನೇಕ ಮನೆಗಳಲ್ಲಿದೆ. ಎಳೆಯ ಶ್ವಾಸಕೋಶಕ್ಕೆ ಈ ಹೊಗೆಯೂ ಹಾನಿಕರ. ಮಗುವಿನ ತಲೆಯನ್ನು ಮೃದುವಾದ ಒಣಬಟ್ಟೆಯಿಂದ ಒರೆಸಿದರೆ ಸಾಕು.

ಸಾಕಷ್ಟು ನಿದ್ರೆ: ಅಮೆರಿಕದಲ್ಲಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 164 ಸ್ವಯಂಸೇವಕರ ಮೂಗಿಗೆ ನೆಗಡಿಯ ವೈರಾಣುವನ್ನು ಹಾಕಿ ಪರೀಕ್ಷಿಸಲಾಯಿತು. ರಾತ್ರಿ 7 ಗಂಟೆಗಿಂತ ಹೆಚ್ಚು ನಿದ್ರಿಸುವವರಿಗೆ ಹೋಲಿಸಿದಾಗ, 6 ಗಂಟೆಗಿಂತ ಕಡಿಮೆ ನಿದ್ರಿಸುವವರು ನೆಗಡಿಗೆ ಒಳಗಾಗುವ ಸಾಧ್ಯತೆಯು 4 ಪಟ್ಟಿಗಿಂತ ಹೆಚ್ಚಾಗಿತ್ತು. ವಯಸ್ಕರು ಪ್ರತಿದಿನ ಕನಿಷ್ಠ 7 ಗಂಟೆ ನಿದ್ರಿಸುವುದು ಹಾಗೂ ಮಕ್ಕಳನ್ನು ಬೇಗ ಮಲಗಿಸುವುದು ಯಾವ ಖರ್ಚೂ ಇಲ್ಲದ ರಕ್ಷಣೆಯಾಗಿದೆ.

ಆಹಾರ ಮತ್ತು ವ್ಯಾಯಾಮ: ರಾಗಿ, ಬೇಳೆಕಾಳು, ಹಾಲು, ಮೊಟ್ಟೆ, ನುಗ್ಗೆಸೊಪ್ಪು ಮುಂತಾದ ಸೊಪ್ಪುಗಳು ಹಾಗೂ ಆಯಾ ಕಾಲದ ಹಣ್ಣುಗಳು ನಿತ್ಯದ ಆಹಾರದಲ್ಲಿರಬೇಕು. ನೆಲ್ಲಿಕಾಯಿ ಮತ್ತು ಸೀಬೆಹಣ್ಣುಗಳಲ್ಲಿ ಕಿತ್ತಳೆಗಿಂತ ಅಧಿಕ ಪ್ರಮಾಣದ 'ಸಿ' ಜೀವಸತ್ವವಿದೆ. 'ಸಿ' ಜೀವಸತ್ವದ ಮಾತ್ರೆಗಳನ್ನು ನುಂಗುವುದರಿಂದ ಸಾಮಾನ್ಯ ಜನರಲ್ಲಿ ನೆಗಡಿ ಬರುವುದು ತಪ್ಪುವುದಿಲ್ಲವೆಂದು ಅಧ್ಯಯನಗಳಿಂದ ತಿಳಿದುಬಂದಿದೆ. ಪ್ರತಿದಿನ 30 ನಿಮಿಷಗಳ ಬಿರುಸು ನಡಿಗೆ ದೇಹವನ್ನು ಸುಸ್ಥಿತಿಯಲ್ಲಿಡುತ್ತದೆ. ಶಿಶುವಿಗೆ ಮೊದಲ 6 ತಿಂಗಳು ತಾಯಿಯ ಹಾಲನ್ನು ಮಾತ್ರ ನೀಡಬೇಕು. ತಾಯಿಯ ಹಾಲಿನಲ್ಲಿರುವ ರೋಗ ನಿರೋಧಕ ಅಂಶಗಳು ಶಿಶುವನ್ನು ಸೋಂಕುಗಳಿಂದ ಕಾಪಾಡುತ್ತವೆ. ತಾಯಿಗೆ ನೆಗಡಿ ಬಂದಾಗಲೂ ಕೈ ತೊಳೆದು, ಮುಖಗವಸು ಧರಿಸಿ ಹಾಲುಣಿಸುವುದನ್ನು ಮುಂದುವರಿಸಬೇಕು.

ನೆಗಡಿ ಬಂದಾಗ ಮನೆಯಲ್ಲಿ ಆರೈಕೆ

1. ವಿಶ್ರಾಂತಿ ತೆಗೆದುಕೊಳ್ಳಬೇಕು. ಜ್ವರವಿರುವ ಮಗುವನ್ನು ಶಾಲೆಗೆ ಅಥವಾ ಅಂಗನವಾಡಿಗೆ ಕಳುಹಿಸಬಾರದು.
2. ಬೆಚ್ಚಗಿನ ನೀರು, ಗಂಜಿ, ತಿಳಿಸಾರು ಮೊದಲಾದ ದ್ರವಾಹಾರಗಳನ್ನು ಧಾರಾಳವಾಗಿ ಸೇವಿಸಬೇಕು. ಶುಂಠಿ, ಕಾಳುಮೆಣಸು, ತುಳಸಿ ಹಾಕಿದ ಕಷಾಯವು ಗಂಟಲಿಗೆ ಹಿತ ನೀಡುತ್ತದೆ. ಆದರೆ ಅದು ವೈರಾಣುವನ್ನು ನಾಶಮಾಡುವ ಔಷಧಿಯಲ್ಲ.
3. ದೊಡ್ಡವರು ಉಗುರು ಬೆಚ್ಚಗಿನ ಉಪ್ಪುನೀರಿನಿಂದ ಗಂಟಲು ಮುಕ್ಕಳಿಸಬಹುದು.
4. ಒಂದು ವರ್ಷ ತುಂಬಿದ ಮಕ್ಕಳಿಗೆ ಕೆಮ್ಮು ಇದ್ದಲ್ಲಿ ಮಲಗುವ ಮುನ್ನ ಒಂದು ಚಿಕ್ಕ ಚಮಚ ಜೇನುತುಪ್ಪ ನೀಡಬಹುದು. ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪವನ್ನು ನೆಕ್ಕಿಸಲೂಬಾರದು. ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಶಿಶುವಿನ ಪ್ರಾಣಕ್ಕೆ ಅಪಾಯವಿದೆ.
5. ಶಿಶುವಿನ ಮೂಗು ಕಟ್ಟಿದ್ದಲ್ಲಿ, ಹಾಲುಣಿಸುವ ಮುನ್ನ ಔಷಧಿ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಮೂಗಿನ ಹನಿಗಳನ್ನು ವೈದ್ಯರು ತಿಳಿಸಿದಂತೆ ಬಳಸಬಹುದು.

ಮಾಡಬಾರದ ಕೆಲಸಗಳು

ಆಂಟಿಬಯಾಟಿಕ್ ಔಷಧಿಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆಯೇ ಹೊರತು ವೈರಾಣುಗಳನ್ನಲ್ಲ. ನೆಗಡಿಗೆ ಅವುಗಳನ್ನು ನುಂಗುವುದರಿಂದ ಯಾವ ಲಾಭವೂ ಇಲ್ಲ. ಮೂಗಿನ ಸ್ರಾವವು ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದ ಮಾತ್ರಕ್ಕೆ ಆಂಟಿಬಯಾಟಿಕ್ ಬೇಕೆಂದು ತಿಳಿಯಬಾರದು. ನೆಗಡಿ ಮಾಗುವಾಗ ಬಣ್ಣ ಬದಲಾಗುವುದು ಸಹಜ. ಅನಗತ್ಯವಾಗಿ ಬಳಸಿದಷ್ಟೂ ಬ್ಯಾಕ್ಟೀರಿಯಾಗಳು ಔಷಧಿಗೆ ಬಗ್ಗದಂತಾಗಿ, ಮುಂದೆ ನಿಜವಾಗಿ ಅಗತ್ಯ ಬಿದ್ದಾಗ ಔಷಧಿಯು ಕೆಲಸ ಮಾಡದೆ ಹೋಗಬಹುದು. ಹಿಂದಿನ ಚೀಟಿಯನ್ನು ತೋರಿಸಿ, ಅಥವಾ ಚೀಟಿಯೇ ಇಲ್ಲದೆ ಇವುಗಳನ್ನು ಕೊಳ್ಳಬಾರದು.

ಚಿಕ್ಕ ಮಕ್ಕಳಿಗೆ ಅಂಗಡಿಯಿಂದ ಕೆಮ್ಮಿನ ಸಿರಪ್ ತಂದು ಕುಡಿಸಬಾರದು. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಸೇವಿಸಿ ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಮೃತಪಟ್ಟ ದುರಂತವನ್ನು ಪೋಷಕರು ಮರೆಯಬಾರದು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಮತ್ತು ನೆಗಡಿಯ ಔಷಧಿಗಳನ್ನು ನೀಡಬಾರದೆಂದೂ, 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಇವು ಸೂಕ್ತವಲ್ಲವೆಂದೂ ಸೂಚಿಸಿದೆ. ಮಕ್ಕಳ ಕೆಮ್ಮು ಬಹುಪಾಲು ಔಷಧಿಯಿಲ್ಲದೆ ಗುಣವಾಗುತ್ತದೆ.

ಶಿಶುವಿನ ಮೂಗಿಗೆ ಎಣ್ಣೆ ಬಿಡಬಾರದು. ಎಣ್ಣೆಯು ಶ್ವಾಸಕೋಶಕ್ಕೆ ಇಳಿದು ಒಂದು ಬಗೆಯ ನ್ಯುಮೋನಿಯಾವನ್ನು ಉಂಟುಮಾಡಬಲ್ಲದು. ಕರ್ಪೂರ ಬೆರೆತ ಮುಲಾಮುಗಳನ್ನು 2 ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಿ ಹಬೆ ಹಿಡಿಸುವುದೂ ಸಲ್ಲದು. ಪಾತ್ರೆ ಮಗುಚಿ ಸುಟ್ಟಗಾಯಗಳಾಗುವ ಅಪಾಯವಿದೆ. ಜ್ವರಕ್ಕಾಗಿ ಮಕ್ಕಳಿಗೆ ಆಸ್ಪಿರಿನ್ ಮಾತ್ರೆ ನೀಡಬಾರದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಮಗುವು ಅಳದೆ ಶಾಂತವಾಗಿರುವಾಗ ಅದರ ಅಂಗಿಯನ್ನು ಮೇಲೆತ್ತಿ, ಎದೆ ಅಥವಾ ಹೊಟ್ಟೆಯ ಏರಿಳಿತವನ್ನು ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಒಂದು ನಿಮಿಷಕ್ಕೆ ಉಸಿರಾಟದ ಸಂಖ್ಯೆಯು ಕೆಳಕಂಡಂತೆ ಇದ್ದಲ್ಲಿ ಅದನ್ನು ವೇಗದ ಉಸಿರಾಟವೆಂದು ಪರಿಗಣಿಸಬೇಕು. ಅದು ನ್ಯುಮೋನಿಯಾದ ಸೂಚನೆಯಾಗಿರಬಹುದು.

2 ತಿಂಗಳೊಳಗಿನ ಶಿಶು: 60 ಅಥವಾ ಹೆಚ್ಚು
2 ತಿಂಗಳಿಂದ 1 ವರ್ಷದೊಳಗೆ: 50 ಅಥವಾ ಹೆಚ್ಚು
1 ವರ್ಷದಿಂದ 5 ವರ್ಷದೊಳಗೆ: 40 ಅಥವಾ ಹೆಚ್ಚು

ಇದಲ್ಲದೆ, ಉಸಿರೆಳೆಯುವಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುವುದು, ಹಾಲು ಅಥವಾ ನೀರು ಕುಡಿಯಲಾಗದಿರುವುದು, ಅತಿಯಾದ ಮಂಪರು, ಫಿಟ್ಸ್ ಬರುವುದು, ತುಟಿ ನೀಲಿಗಟ್ಟುವುದು - ಇವುಗಳಲ್ಲಿ ಒಂದು ಲಕ್ಷಣ ಕಂಡುಬಂದರೂ ಬೆಳಗಾಗಲೆಂದು ಕಾಯದೆ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ತುರ್ತು ಸಂದರ್ಭದಲ್ಲಿ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆಯನ್ನು ಪಡೆಯಬಹುದು. 2 ತಿಂಗಳೊಳಗಿನ ಶಿಶುವಿಗೆ ಜ್ವರ ಬಂದಲ್ಲಿ ಬೇರೆ ಯಾವ ಲಕ್ಷಣವಿಲ್ಲದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು.

ವಯಸ್ಕರಲ್ಲಿ ಉಸಿರಾಟದ ತೊಂದರೆ, ಎದೆನೋವು, ಮೂರು ದಿನ ಮೀರಿದ ಜ್ವರ, ಕಫದಲ್ಲಿ ರಕ್ತ ಕಂಡುಬಂದಲ್ಲಿ ವೈದ್ಯರನ್ನು ಕಾಣಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯರೋಗದ ಪರೀಕ್ಷೆಯನ್ನು ತಪ್ಪದೆ ಮಾಡಿಸಬೇಕು; ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆ ಉಚಿತವಾಗಿರುತ್ತದೆ.

ಲಸಿಕೆಗಳು

ನೆಗಡಿಗೆ ಲಸಿಕೆ ಇಲ್ಲದಿದ್ದರೂ, ಅದರ ಬೆನ್ನಿಗೆ ಬರಬಹುದಾದ ನ್ಯುಮೋನಿಯಾದ ಕೆಲವು ಪ್ರಮುಖ ಬಗೆಗಳನ್ನು ತಡೆಯುವ ಲಸಿಕೆಗಳಿವೆ. ನ್ಯುಮೋಕಾಕಲ್ ಲಸಿಕೆಯನ್ನು 2017ರಿಂದ ಹಂತಹಂತವಾಗಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಸೇರಿಸಿ, 2021ರಲ್ಲಿ ದೇಶದಾದ್ಯಂತ ವಿಸ್ತರಿಸಲಾಗಿದೆ. ಇದನ್ನು ಶಿಶುವಿಗೆ 6 ವಾರ, 14 ವಾರ ಮತ್ತು 9 ತಿಂಗಳುಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. ಪೆಂಟಾವೇಲೆಂಟ್ ಹಾಗೂ ದಡಾರ-ರುಬೆಲ್ಲಾ ಲಸಿಕೆಗಳನ್ನೂ ನಿಗದಿತ ಸಮಯಕ್ಕೆ ಹಾಕಿಸಬೇಕು. ಗರ್ಭಿಣಿಯರು, ವಯೋವೃದ್ಧರು, ಮಧುಮೇಹ, ಹೃದ್ರೋಗ ಅಥವಾ ಉಬ್ಬಸವುಳ್ಳವರು ಫ್ಲೂ ಲಸಿಕೆಯ ಬಗ್ಗೆ ತಮ್ಮ ವೈದ್ಯರೊಡನೆ ಸಮಾಲೋಚಿಸುವುದು ಸೂಕ್ತ.

ನೆಗಡಿಯನ್ನು ಸಂಪೂರ್ಣವಾಗಿ ತಪ್ಪಿಸುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಅದು ಮನೆಯ ಒಬ್ಬರಿಂದ ಮತ್ತೊಬ್ಬರಿಗೆ ಹರಡುವುದನ್ನು ಬಹುಮಟ್ಟಿಗೆ ತಡೆಯಬಹುದು. ಮನೆಯೊಳಗೆ ಕಾಲಿಟ್ಟವರು ಮಗುವನ್ನು ಎತ್ತಿಕೊಳ್ಳುವ ಮುನ್ನ ಕೈ ತೊಳೆಯುವುದು, ನೆಗಡಿಯಿರುವವರು ಶಿಶುವಿಗೆ ಮುತ್ತಿಡದೆ ದೂರವಿರುವುದು, ಅನಗತ್ಯ ಔಷಧಿಗಳನ್ನು ಬಳಸದಿರುವುದು, ಅಪಾಯದ ಲಕ್ಷಣಗಳನ್ನು ಗುರುತಿಸುವುದು - ಈ ನಾಲ್ಕನ್ನು ಪ್ರತಿಯೊಂದು ಕುಟುಂಬವೂ ಪಾಲಿಸಿದಲ್ಲಿ ನೆಗಡಿಯು ನೆಗಡಿಯಾಗಿಯೇ ಮುಗಿಯುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಾರ್ವಜನಿಕರು ತಮ್ಮ ಗ್ರಾಮದ ಆಶಾ ಕಾರ್ಯಕರ್ತೆಯನ್ನು ಅಥವಾ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು.